ಕಿರು ತಯಾರಕನಿಗೆ ಗಡಿಯ ಹೊರೆ

ಗಾಳಕ್ಕೆ ಸಿಕ್ಕಿಸುವ, ಬೆರಳ ತುದಿಯಷ್ಟು ಗಾತ್ರದ ಮೃದು ಪ್ಲಾಸ್ಟಿಕ್ ಎರೆಗಳನ್ನು ಮನೆಯಲ್ಲಿಯೇ ತಯಾರಿಸಬಹುದು. ಪ್ಲಾಸ್ಟಿಸಾಲ್ ಎಂಬ ದ್ರವರೂಪದ ಪಿವಿಸಿಯನ್ನು ಸುಮಾರು 175 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಬಣ್ಣ ಬೆರೆಸಿ, ಅಚ್ಚಿಗೆ ಹೊಯ್ಯಬೇಕು. ಹೊಗೆ ಹೊರಹೋಗಲು ಗಾಳಿಯಾಡುವ ಸ್ಥಳ ಅತ್ಯಗತ್ಯ. ಬಂಡವಾಳ ಅಲ್ಪ, ಕಾಫಿ ತೋಟದ ಕೆಲಸ ಕಡಿಮೆಯಿರುವ ತಿಂಗಳುಗಳಿಗೆ ಒಗ್ಗುವ ಉಪಕಸುಬು.

ತೊಡಕಿರುವುದು ಮಾರಾಟದಲ್ಲಿ. ರಾಜ್ಯದೊಳಗೆ ಕೇವಲ ಸರಕು ಮಾರುವವರಿಗೆ 2019ರ ಏಪ್ರಿಲ್‌ನಿಂದ ಸಾಮಾನ್ಯವಾಗಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ವಿರಾಜಪೇಟೆಯ ತಯಾರಕನು ಮಾಕುಟ್ಟದ ಮೂಲಕ ಕೇರಳದ ಇರಿಟ್ಟಿಯ ಅಂಗಡಿಗೆ 500 ರೂಪಾಯಿಯ ಎರೆ ಮಾರಿದರೂ ಅದು ಅಂತರರಾಜ್ಯ ಪೂರೈಕೆ; ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಮೈಸೂರಿಗಿಂತ ಇರಿಟ್ಟಿ ಅವನಿಗೆ ಸಮೀಪವೆಂಬುದನ್ನು ಕಾನೂನು ಪರಿಗಣಿಸದು.

ಸೇವೆ ಒದಗಿಸುವವರಿಗೆ 2017ರ ಅಕ್ಟೋಬರ್‌ನಿಂದ ಅಂತರರಾಜ್ಯ ವಹಿವಾಟಿನಲ್ಲಿಯೂ 20 ಲಕ್ಷದವರೆಗೆ ವಿನಾಯಿತಿಯಿದೆ. ಅಧಿಸೂಚಿತ ಕರಕುಶಲ ವಸ್ತುಗಳಿಗೂ ಇಂತಹ ವಿನಾಯಿತಿಯುಂಟು. ಅಚ್ಚಿನ ಮುಂದೆ ಕುಳಿತವನು ಮಾತ್ರ ಏಕೆ ಹೊರಗುಳಿಯಬೇಕು? ಅದೇ 20 ಲಕ್ಷದ ಮಿತಿಯನ್ನು ಕಿರು ತಯಾರಕರಿಗೂ ವಿಸ್ತರಿಸುವಂತೆ ನಮ್ಮ ವಾಣಿಜ್ಯ ಸಂಸ್ಥೆಗಳು ಜಿಎಸ್‌ಟಿ ಮಂಡಳಿಯನ್ನು ಒತ್ತಾಯಿಸಬೇಕು. ಅಲ್ಲಿಯವರೆಗೆ, ಗಡಿಯಾಚೆಗೆ ಮೊದಲ ಪೊಟ್ಟಣ ಕಳುಹಿಸುವ ಮುನ್ನವೇ ನೋಂದಾಯಿಸಿಕೊಳ್ಳುವುದು ಸದಸ್ಯರಿಗೆ ಕ್ಷೇಮ.