ಅಮಾಲ್ಫಿಯ ಕಡಲಂಚಿನಲ್ಲಿ ಒಂದು ದಿನ

ಪರದೇಶಕ್ಕೆ ಹೋದವರಿಗೆ ಒಂದೇ ದಿನದಲ್ಲಿ ಎಲ್ಲವನ್ನೂ ಕಂಡುಬಿಡಬೇಕೆಂಬ ಆತುರವು ಸಹಜವಾದುದು. ಇಟಲಿ ದೇಶದ ಅಮಾಲ್ಫಿ ಕರಾವಳಿಗೆ ಹೊರಟಾಗ ನಾವೂ ಈ ದೋಷಕ್ಕೆ ಹೊರತಾಗಿರಲಿಲ್ಲ. ದಿನದ ಮಟ್ಟಿಗೆ ಮೋಟಾರನ್ನೂ ಮಾರ್ಗದರ್ಶಕನನ್ನೂ ಗೊತ್ತುಮಾಡಿಕೊಂಡು, ಏಳು ಊರುಗಳ ಪಟ್ಟಿಯನ್ನು ಆತನ ಕೈಗಿತ್ತೆವು. ಆತನು ಮುಗುಳ್ನಕ್ಕು, ಪೊಸಿಟಾನೋ, ಅಮಾಲ್ಫಿ, ರವೆಲ್ಲೋ ಎಂಬ ಮೂರನ್ನು ಮಾತ್ರ ಉಳಿಸಿದನು. ಕೊಟ್ಟ ಹಣಕ್ಕೆ ನಷ್ಟವಾಯಿತೆಂದೇ ನಾವು ಎಣಿಸಿದೆವು.

ಬೆಟ್ಟವು ನೆಟ್ಟನೆ ಕಡಲಿಗಿಳಿಯುವ ಆ ಸೀಮೆಯಲ್ಲಿ, ಬಂಡೆಯನ್ನು ಕಡಿದು ಮಾಡಿದ ದಾರಿಯು ತಿರುವಿನ ಮೇಲೆ ತಿರುವಾಗಿ ಸಾಗುತ್ತದೆ. ಪೊಸಿಟಾನೋ ದಾಟಿದ ಮೇಲೆ ಆತನು ನಮ್ಮನ್ನು ನಿಂಬೆಯ ತೋಟವೊಂದಕ್ಕೆ ಕರೆದೊಯ್ದನು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಆ ಇಳಿಜಾರಿನಲ್ಲಿ ಮಣ್ಣನ್ನು ಹಿಡಿದು ನಿಲ್ಲಿಸಿವೆ. ಹಿಂದಿನ ಕಾಲದಲ್ಲಿ ಹೆಂಗಸರು ಹಣ್ಣಿನ ಬುಟ್ಟಿಗಳನ್ನು ಹೊತ್ತು ಮೆಟ್ಟಿಲುಗಳನ್ನಿಳಿಯುತ್ತಿದ್ದರಂತೆ. ಜನರು ಅವರನ್ನು ‘ಪುಟ್ಟ ಇರುವೆಗಳು’ ಎಂದು ಕರೆಯುತ್ತಿದ್ದರಂತೆ. ಗೋಡೆಯನ್ನು ದುರಸ್ತು ಮಾಡುವವರಿಲ್ಲದಿದ್ದರೆ ಮಳೆಗೆ ಮಣ್ಣು ಜಾರಿ, ಕೆಳಗಿನವರಿಗೆ ಅಪಾಯವೊದಗುವುದು.

ಅಮಾಲ್ಫಿಯು ಒಂದು ಕಾಲಕ್ಕೆ ಕಡಲ ವ್ಯಾಪಾರದಿಂದ ಮೆರೆದ ಗಣರಾಜ್ಯ. 1343ನೆಯ ಇಸವಿಯ ಬಿರುಗಾಳಿಯಲ್ಲಿ ಅದರ ಕೆಳಭಾಗವು ಕಡಲಪಾಲಾಯಿತು. ಸಂತ ಆಂಡ್ರೂವಿನ ದೇವಾಲಯದ ಎತ್ತರವಾದ ಮೆಟ್ಟಿಲುಗಳಲ್ಲಿ ಕುಳಿತು ಇದನ್ನು ಕೇಳಿದಾಗ, ಕಣ್ಣಮುಂದಿನ ನೀಲಿ ನೀರು ಬೇರೆಯಾಗಿಯೇ ಕಂಡಿತು. 1997ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಕರಾವಳಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಅಲ್ಲಿನ ಜನರ ಈ ದುಡಿಮೆಯೂ ಗಣನೆಗೆ ಬಂದಿತು.

ಸಂಜೆ ಮರಳುವಾಗ ನಮ್ಮ ಅಸಮಾಧಾನವು ಕರಗಿಹೋಗಿತ್ತು. ಪ್ರವಾಸಕ್ಕೆ ಹೊರಡುವ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೇ: ಊರುಗಳ ಎಣಿಕೆಯನ್ನು ಕಡಿಮೆ ಮಾಡಿ, ಎಲ್ಲಿ ನಿಲ್ಲಬೇಕೆಂಬುದನ್ನು ಆ ನೆಲದವನಿಗೇ ಬಿಡಿ.