ಹೆಸರಿಡುವುದು ಬಾಯಿಪಾಠದ ಕೆಲಸವಲ್ಲ

ವರ್ಗೀಕರಣ ಅಂದ್ರೆ ನಮ್ಮ ಮಕ್ಕಳಿಗೆ ಲ್ಯಾಟಿನ್ ಹೆಸರುಗಳ ಬಾಯಿಪಾಠ. ಲಿನೇಯಸ್, ದ್ವಿನಾಮ ಪದ್ಧತಿ, ಎರಡು ಅಂಕದ ಪ್ರಶ್ನೆ, ಅಲ್ಲಿಗೆ ಮುಗೀತು. ಹೆಸರು ಯಾಕೆ ಬೇಕು, ಹೇಗೆ ಇಡ್ತಾರೆ ಎಂಬುದನ್ನು ನಾವು ಹೇಳುವುದೇ ಕಡಿಮೆ. ಅದಕ್ಕೊಂದು ಒಳ್ಳೆಯ ಉದಾಹರಣೆ ಕೆಂಪು ಕಡಲಕಳೆಯದ್ದು.

ಹವಾಯಿ ದ್ವೀಪಸಾಲಿನ ವಾಯವ್ಯ ಭಾಗದಲ್ಲಿ ಪರ್ಲ್ ಆ್ಯಂಡ್ ಹರ್ಮೀಸ್ ಎಂಬ ಸಂರಕ್ಷಿತ ಹವಳದ್ವೀಪವಿದೆ. 2016ರಲ್ಲಿ ಅಲ್ಲಿ ಗುರುತು ಸಿಗದ ಒಂದು ಕೆಂಪು ಕಡಲಕಳೆ ಅಲ್ಲಲ್ಲಿ ಕಂಡಿತು. 2019ರಲ್ಲಿ ನೋಡಿದರೆ ಅದೇ ಕಳೆ ಸಾವಿರಾರು ಚದರ ಮೀಟರಿನ ಚಾಪೆಯಾಗಿ ಹವಳದ ಮೇಲೆ ಹಾಸಿಕೊಂಡಿತ್ತು. ಅದರಡಿಯ ಹವಳ ಸಾಯುತ್ತಿತ್ತು.

ಇದು ಯಾವುದು? ಕೆಂಪು ಪಾಚಿಗಳಲ್ಲಿ ಕಣ್ಣಂದಾಜು ನಡೆಯುವುದಿಲ್ಲ. ಒಂದೇ ಥರ ಕಾಣುವ ಎರಡು ಗಿಡ ಬೇರೆ ಬೇರೆ ಪ್ರಭೇದ ಆಗಿರಬಹುದು. ಬೇರೆ ಕಾಣುವ ಎರಡು ಒಂದೇ ಆಗಿರಬಹುದು. ಚಿಪ್ಪಿನೊಳಗೆ ಬೆಳೆಯುವ ಪ್ರತ್ಯೇಕ ಪಾಚಿ ಎಂದುಕೊಂಡಿದ್ದ ಕಾಂಕೋಸೆಲಿಸ್, ಜಪಾನಿನವರು ತಿನ್ನುವ ನೋರಿಯ ಬಳಗದ ಪಾಚಿಯದೇ ಒಂದು ಹಂತ ಎಂದು ಕ್ಯಾಥ್ಲೀನ್ ಡ್ರೂ 1949ರಲ್ಲಿ ತೋರಿಸಿಕೊಟ್ಟರು. ನೋರಿ ಕೃಷಿ ನಿಂತಿರುವುದೇ ಆ ತಿಳಿವಳಿಕೆಯ ಮೇಲೆ.

ಹವಾಯಿಯ ಸಂಶೋಧಕರೂ ಕಳೆಯನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು, ಡಿಎನ್‌ಎ ಹೋಲಿಸಿದರು, ಮುಂದೆ ಯಾರು ಬೇಕಾದರೂ ಪರೀಕ್ಷಿಸಲೆಂದು ಒಣಮಾದರಿಯನ್ನು ಸಂಗ್ರಹಾಲಯಕ್ಕೆ ಕೊಟ್ಟರು. 2020ರಲ್ಲಿ ಅದಕ್ಕೆ ಕಾಂಡ್ರಿಯ ಟ್ಯುಮುಲೋಸ ಎಂದು ಹೆಸರಾಯಿತು. ಮೊದಲಿಂದ ಅಲ್ಲೇ ಇತ್ತೋ, ಹೊರಗಿಂದ ಬಂತೋ ಎಂಬುದನ್ನು ಅವರು ಅವಸರದಲ್ಲಿ ತೀರ್ಮಾನಿಸಲಿಲ್ಲ. ಇದನ್ನೂ ಮಕ್ಕಳಿಗೆ ಹೇಳಬೇಕು.

‘ಹವಳ ಸಾಯ್ತಾ ಇರುವಾಗ ನಾಮಕರಣ ಯಾಕೆ, ಮೊದಲು ಕಾಪಾಡಿ’ ಎನ್ನುವವರಿದ್ದಾರೆ. ಯಾವುದನ್ನು ತಡೆಯಬೇಕೆಂದೇ ತಿಳಿಯದೆ ತಡೆಯುವುದು ಹೇಗೆ? ಮುಂದೆ ಮಿಡ್‌ವೇ ಹವಳದ್ವೀಪದಲ್ಲೂ ಕಳೆ ಕಂಡಾಗ, ಇದು ಅದೇ ಎಂದು ಹೇಳಲು ಹೋಲಿಸಿ ನೋಡುವ ವಿವರಣೆ ಕೈಯಲ್ಲಿತ್ತು.

ನಮ್ಮ ಕಾಸರಗೋಡಿಗೂ ಕಡಲಿದೆ. ದಡಕ್ಕೆ ಬಿದ್ದ ಕಳೆಯನ್ನಷ್ಟೇ ಮಕ್ಕಳು ಆರಿಸಿ ತರಲಿ. ತಟ್ಟೆಯ ನೀರಿನಲ್ಲಿ ತೇಲಿಸಿ, ಅಡಿಯಿಂದ ದಪ್ಪ ಕಾಗದ ತೂರಿಸಿ ಎತ್ತಿ, ಮೇಲೆ ಬಟ್ಟೆ ಹಾಕಿ, ಪತ್ರಿಕೆಗಳ ನಡುವೆ ಭಾರವಿಟ್ಟು ಒಣಗಿಸಲಿ. ಜಾಗ, ದಿನಾಂಕ, ತಂದವರ ಹೆಸರು ಬರೆಯಲಿ. ಕಳೆಯ ಹೆಸರು ತಿಳಿಯದಿದ್ದರೆ ‘ಗೊತ್ತಾಗಲಿಲ್ಲ’ ಎಂದೇ ಬರೆಯಲಿ. ಅದಕ್ಕೂ ಅಂಕ ಕೊಡೋಣ.