ಕೂತು ಮಾತಾಡುವ ದಿನಕ್ಕೂ ಗೌರವಧನ ಬೇಕು

ಹಳ್ಳಿಯ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡುವ ಯಾವ ಯೋಜನೆಯ ವರದಿ ತೆಗೆದರೂ ಮೊದಲು ಕಾಣುವುದು ಅಂಕಿಗಳು: ಎಷ್ಟು ಸಂಘ, ಎಷ್ಟು ಸಾಲ, ಎಷ್ಟು ತರಬೇತಿ. ಅವೂ ಬೇಕು. ಆದರೆ ಯಾವ ಫಾರಂ ತುಂಬದೆ ಕೂತು ಮಾತಾಡುವ ಹೊತ್ತು ಕೆಲಸದ ಲೆಕ್ಕದಿಂದಲೇ ಬಿದ್ದುಹೋಗಿದೆ. ಅದನ್ನು ಮರಳಿ ಲೆಕ್ಕಕ್ಕೆ ಹಿಡಿಯಬೇಕು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಹುಟ್ಟಿದ ಮಹಿಳಾ ಸಮಾಖ್ಯಾ ಕಾರ್ಯಕ್ರಮ 1989ರಲ್ಲಿ ನಮ್ಮ ರಾಜ್ಯದ ಬೀದರ್, ವಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾಯಿತು. ವಿಜಾಪುರದಲ್ಲಿ ನಾನು ಸಹಯೋಗಿನಿ, ಅಂದರೆ ಹಳ್ಳಿಗಳನ್ನು ಸುತ್ತುವ ಕಾರ್ಯಕರ್ತೆ, ಆಗಿದ್ದೆ. ಒಬ್ಬೊಬ್ಬರಿಗೆ ಸುಮಾರು ಹತ್ತು ಹಳ್ಳಿ. ಹಂಚಲು ಕೈಯಲ್ಲಿ ಏನೂ ಇರಲಿಲ್ಲ. ಹೆಂಗಸರು ತಮ್ಮದೇ ಹೊತ್ತು, ತಮ್ಮದೇ ಜಾಗ ಮಾಡಿಕೊಳ್ಳುವ ಮೊದಲ ದಿನಗಳಲ್ಲಿ ಅವಸರಪಡಿಸಕೂಡದು ಎಂಬುದು ಕಾರ್ಯಕ್ರಮದ ಮೂಲತತ್ವಗಳಲ್ಲೇ ಇತ್ತು. ಒಂದು ಸರ್ಕಾರಿ ಕಾರ್ಯಕ್ರಮ ಇಷ್ಟು ತಾಳ್ಮೆಯನ್ನು ಬರೆದಿಟ್ಟಿತ್ತು ಎಂಬುದು ನನಗೆ ಇವತ್ತಿಗೂ ಹೆಮ್ಮೆ.

"ಸಾಲ ಕೊಡಸ್ತೀರೇನ್ರಿ ಅಕ್ಕಾರ?" ಅಂತ ಕೇಳುತ್ತಿದ್ದರು. ಇಲ್ಲ ಅಂದರೆ, "ಮತ್ತ ಯಾಕ್ ಬಂದೀರಿ?" ಕೂಲಿಯಿಂದ ಬಂದು, ರೊಟ್ಟಿ ಬಡಿದು, ಮನೆಮಂದಿಗೆ ಉಣಬಡಿಸಿ ಅವರು ಬರುವಾಗ ರಾತ್ರಿಯಾಗಿರುತ್ತಿತ್ತು. ಗುಡಿಯ ಕಟ್ಟೆ ಗಂಡಸರದು. ನಾವು ಯಾರದೋ ಪಡಸಾಲೆಯಲ್ಲಿ. ತಿಂಗಳುಗಟ್ಟಲೆ ಕೈಪಂಪು, ರೇಷನ್, ಕೂಲಿಯದೇ ಮಾತು. ಒಂದು ರಾತ್ರಿ, ಎಲ್ಲರೂ ಏಳುವ ಹೊತ್ತಿಗೆ, ಒಬ್ಬಾಕೆ ಬಾಯಿಬಿಟ್ಟಳು: "ಬರೋ ಹುಣ್ಣಿಮಿಗೆ ನನ್ನ ಮಗಳಿಗೆ ಮುತ್ತು ಕಟ್ಟಬೇಕಂತಾರ. ನನಗ ಮನಸಿಲ್ಲ."

ಹೀಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕಾಯ್ದೆ 1982ರದು. ಊರಿಗೆ ಅದು ಗೊತ್ತಿತ್ತು. ಆದರೂ ಆ ಮಾತು ಹೊರಬರಲು, ಪಕ್ಕದಲ್ಲಿ ಕೂತ ನಾಲ್ವರ ಮೇಲೆ ಆಕೆಗೆ ಭರವಸೆ ಹುಟ್ಟಬೇಕಿತ್ತು. ಮರುದಿನ ಆ ಮನೆಯ ಹಿರಿಯರೆದುರು ಹೋಗಿ ನಿಂತವರೂ ಅವರೇ. ಹುಡುಗಿ ಸಾಲಿಗೆ ಹೋದಳು.

ಸಹಯೋಗಿನಿಯರ ತಿಂಗಳ ಸಭೆಯೂ ಅಷ್ಟೇ ಮುಖ್ಯವಾಗಿತ್ತು. ದಲಿತ ಕೇರಿಯ ಮನೆಗಳಲ್ಲಿ ನೀರು ಕುಡಿಯಲು ಹಿಂಜರಿಯುವವರು ನಮ್ಮಲ್ಲಿ ಯಾರು ಎಂಬ ಪ್ರಶ್ನೆ ಎದ್ದದ್ದು ಅಲ್ಲೇ. ಜಗಳವಾಯಿತು, ಕೆಲವರು ಅತ್ತರು. ಆ ಜಗಳ ಆಗದೆ ಹಳ್ಳಿಯಲ್ಲಿ ಸಮಾನತೆಯ ಮಾತಾಡುವ ಬಾಯಿ ನಮಗೆ ಎಲ್ಲಿಂದ ಬರಬೇಕು?

2016ರಲ್ಲಿ ಕೇಂದ್ರ ಈ ಕಾರ್ಯಕ್ರಮಕ್ಕೆ ಹಣ ನಿಲ್ಲಿಸಿತು. ಇಂದಿನ ಅಂಗನವಾಡಿ ಕಾರ್ಯಕರ್ತೆ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ವಿವರ ತುಂಬುತ್ತಾಳೆ, ಸಂಜೀವಿನಿ ಸ್ವಸಹಾಯ ಸಂಘದ ಸಭೆ ಪಾಸ್‌ಬುಕ್ಕಿನಲ್ಲೇ ಮುಗಿಯುತ್ತದೆ. ಹರಟೆಯನ್ನು ಅಳೆಯುವುದು ಹೇಗೆಂದು ಅಧಿಕಾರಿಗಳು ಕೇಳುತ್ತಾರೆ. ಹೊಡೆತ ತಿಂದವಳು ಮೊದಲು ಓಡಿಬರುವುದು ಯಾರ ಮನೆಗೆ ಎಂದು ಊರಲ್ಲಿ ವಿಚಾರಿಸಿದರೆ ಉತ್ತರ ಸಿಗುತ್ತದೆ.

ಸರ್ಕಾರವೂ ದೇಣಿಗೆ ಕೊಡುವ ಸಂಸ್ಥೆಗಳೂ ಹೀಗೆ ಕೂತು ಮಾತಾಡಲು ತಿಂಗಳಿಗೊಂದು ದಿನ ಕಾರ್ಯಕರ್ತೆಯರಿಗೆ ಬಿಟ್ಟುಕೊಡಲಿ. ಬಸ್ ಚಾರ್ಜು, ಊಟ, ಆ ದಿನದ ಗೌರವಧನ ಬಜೆಟ್‌ನಲ್ಲೇ ಬರಲಿ. ಆ ದಿನ ಯಾರೂ ಅವರಿಂದ ಫೋಟೊ, ವರದಿ ಕೇಳಬಾರದು.